ಮದುವೆ ವಿಡಿಯೋ ಕಾಪಿ ಆಗೋಕೆ ರಾತ್ರಿಯಿಡೀ ಬೇಕು: 10ಜಿ ಸ್ವಿಚ್ ತಗೋಬೇಕಾ, ಇರೋ ಕೇಬಲ್ ಸರಿ ಮಾಡ್ಬೇಕಾ?

ಫ್ಲ್ಯಾಶ್‌ಲೈಟ್:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮೇಲಿನ ಮಹಡಿಯಲ್ಲಿ ಎಡಿಟಿಂಗ್ ರೂಮು, ಅದರಲ್ಲಿ ಮೂರು ಕಂಪ್ಯೂಟರ್. ಅಲ್ಲೇ ನಾಲ್ಕು ಹಾರ್ಡ್‌ಡಿಸ್ಕ್ ಹಾಕಿದ ಒಂದು ನ್ಯಾಸ್ (ಎಲ್ಲ ಕಂಪ್ಯೂಟರೂ ನೆಟ್‌ವರ್ಕಿನಲ್ಲಿ ಬಳಸುವ ಸ್ಟೋರೇಜ್ ಡಬ್ಬಿ) ಇಟ್ಟಿದ್ದೇವೆ. ಕೆಳಗೆ ಕೌಂಟರಿನಲ್ಲಿ ಒಂದು ಕಂಪ್ಯೂಟರ್. ಹಿತ್ತಲಿನ ಶೆಡ್ಡಿನಲ್ಲಿ ಆಲ್ಬಮ್ ಪ್ರಿಂಟ್ ಮಾಡುವ ಮಷೀನು, ಅದಕ್ಕೊಂದು ಕಂಪ್ಯೂಟರ್. ಶೆಡ್ಡಿಗೆ ಕೇಬಲ್ ಎಳೆದರೆ ಸುಮಾರು 60 ಮೀಟರ್ ಆಗುತ್ತೆ.

ಈಗ ಒಂದು ಮದುವೆ ಅಂದ್ರೆ 400 ಜಿಬಿ. ಆರತಕ್ಷತೆ, ಮುಹೂರ್ತ, ಎರಡು ವಿಡಿಯೋ ಕ್ಯಾಮೆರಾ, ಡ್ರೋನ್ ಎಲ್ಲ ಸೇರಿ. ಸಂಜೆ ನ್ಯಾಸ್‌ಗೆ ಕಾಪಿ ಹಾಕಿ ಮನೆಗೆ ಹೋದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮುಗಿದಿರುತ್ತೆ. ಸೀಸನ್ನಿನಲ್ಲಿ ಬೆನ್ನುಬೆನ್ನಿಗೆ ಮುಹೂರ್ತ ಇದ್ದಾಗ ಇದು ತಲೆನೋವು.

ಇಲ್ಲಿನ ಒಬ್ಬ ಅಂಗಡಿಯವರು ಕೊಟೇಶನ್ ಕೊಟ್ಟಿದ್ದಾರೆ. 10ಜಿ (ಸೆಕೆಂಡಿಗೆ 10 ಗಿಗಾಬಿಟ್) ಸ್ವಿಚ್, ಎಲ್ಲ ಕಂಪ್ಯೂಟರಿಗೂ 10ಜಿ ನೆಟ್‌ವರ್ಕ್ ಕಾರ್ಡ್, ಕ್ಯಾಟ್ 7 ದರ್ಜೆಯ ಕೇಬಲ್. ಒಂದು ಲಕ್ಷ ದಾಟುತ್ತೆ. ಇಂಟರ್ನೆಟ್ 300 ಎಂಬಿಪಿಎಸ್ ಪ್ಲಾನ್ ಇದೆ, ಅದರಲ್ಲಿ ತೊಂದರೆ ಕಂಡಿಲ್ಲ. ಆಷಾಢದಲ್ಲಿ ಮದುವೆ ಇರಲ್ಲ, ವೈರಿಂಗ್ ಏನಿದ್ದರೂ ಆಗಲೇ ಮಾಡಿಸಬೇಕು. ಇಷ್ಟು ದುಡ್ಡು ಹಾಕೋದು ಸರಿಯಾ?

ಸರ್ವರ್ ರೂಮು:
ದುಡ್ಡಿನ ಮಾತು ಆಮೇಲೆ. ಮೊದಲು ಒಂದು ಲೆಕ್ಕ. 100 ಎಂಬಿಪಿಎಸ್ ಲಿಂಕ್‌ನಲ್ಲಿ ಫೈಲ್ ಕಾಪಿ ಸೆಕೆಂಡಿಗೆ 11ರಿಂದ 12 ಎಂಬಿ ಹೋಗುತ್ತೆ (ಎಂಬಿಪಿಎಸ್ ಅಂದ್ರೆ ಮೆಗಾಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್). ಆ ವೇಗದಲ್ಲಿ 400 ಜಿಬಿಗೆ ಒಂಬತ್ತೂವರೆ, ಹತ್ತು ಗಂಟೆ ಬೇಕು. ನೀವು ಹೇಳಿದ "ಸಂಜೆ ಹಾಕಿದರೆ ಬೆಳಿಗ್ಗೆ" ಇದಕ್ಕೆ ಸರಿಯಾಗಿ ಕೂರುತ್ತೆ. ಅಂದರೆ ನಿಮ್ಮ ದಾರಿಯಲ್ಲಿ ಎಲ್ಲೋ ಒಂದು ಕಡೆ 100ರ ಪೋರ್ಟ್ ಅಥವಾ ಕೆಟ್ಟ ಕೇಬಲ್ ಕೂತಿದೆ.

ಎರಡು ವಿಷಯ ನೋಡಿ ಹೇಳಿ. ಇಂಟರ್ನೆಟ್ ಸ್ಪೀಡ್ ಟೆಸ್ಟ್ ಮಾಡಿದ್ದು ಫೋನಿನಲ್ಲಾ, ಕೇಬಲ್ ಹಾಕಿದ ಕಂಪ್ಯೂಟರಿನಲ್ಲಾ? ಇನ್ನೊಂದು, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಒಳಗೆ ಈಥರ್ನೆಟ್ ತೆಗೆದರೆ ಲಿಂಕ್ ಸ್ಪೀಡ್ ಅಂತ ಇರುತ್ತೆ. ಪ್ರತಿ ಕಂಪ್ಯೂಟರಿನಲ್ಲೂ ಎಷ್ಟಿದೆ?

ಫ್ಲ್ಯಾಶ್‌ಲೈಟ್:
ಟೆಸ್ಟ್ ಮಾಡಿದ್ದು ಫೋನಿನ ವೈಫೈನಲ್ಲಿ, 300 ಬರುತ್ತೆ. ಈಗ ಕಂಪ್ಯೂಟರಿನಲ್ಲಿ ಮಾಡಿದೆ, 94ಕ್ಕೆ ನಿಂತುಬಿಡುತ್ತೆ!

ಲಿಂಕ್ ಸ್ಪೀಡ್ ಎರಡು ಎಡಿಟಿಂಗ್ ಕಂಪ್ಯೂಟರಿನಲ್ಲಿ 100/100. ಮೂರನೆಯದು ನೇರ ರೂಟರಿಗೆ ಹೋಗಿದೆ, ಅದರಲ್ಲಿ 1000/1000. ಆದರೆ ಅದರಿಂದಲೂ ನ್ಯಾಸ್‌ಗೆ ಕಾಪಿ ನಿಧಾನವೇ. ನ್ಯಾಸ್ ಕೇಬಲ್ ಚುಚ್ಚಿರುವುದು ಟೇಬಲ್ ಕೆಳಗಿನ ಐದು ಪೋರ್ಟಿನ ಬಿಳಿ ಡಬ್ಬಿಗೆ, ಅಂದ್ರೆ ಸ್ವಿಚ್‌ಗೆ. ತಿರುಗಿಸಿ ನೋಡಿದರೆ ಹಿಂದೆ 10/100 ಅಂತ ಬರೆದಿದೆ.

ಬಯಲುಸೀಮೆ:
ಕಳ್ಳ ಸಿಕ್ಕಿಬಿದ್ದ 😀 ಲಕ್ಷದ ಕೊಟೇಶನ್ ಮಡಚಿ ಇಡಿ. ಒಂದು 8 ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ತನ್ನಿ, ಎರಡು ಸಾವಿರದ ಆಸುಪಾಸಿನಲ್ಲಿ ಬರುತ್ತೆ. ಹತ್ತು ಗಂಟೆಯ ಕೆಲಸ ಒಂದು ಗಂಟೆಗೆ ಇಳಿಯುತ್ತೆ. ಚರ್ಚೆ ಮುಗೀತು.

ಸರ್ವರ್ ರೂಮು:
ಚರ್ಚೆ ಮುಗಿದಿಲ್ಲ, ಆದರೆ ಮೊದಲ ಹೆಜ್ಜೆ ಅದೇ. ಅಂಗಡಿಗೆ ಹೋದಾಗ ಡಬ್ಬಿಯ ಮೇಲಿನ ಮಾಡೆಲ್ ಅಕ್ಷರ ಓದಿ. ಟಿಪಿ-ಲಿಂಕ್‌ನಲ್ಲಿ ಎಸ್‌ಎಫ್1005ಡಿ ಅಂದ್ರೆ 100ರದ್ದು, ಎಸ್‌ಜಿ1005ಡಿ ಅಂದ್ರೆ ಗಿಗಾಬಿಟ್. ಡಿ-ಲಿಂಕ್‌ನಲ್ಲಿ ಡಿಇಎಸ್ ಅಂತ ಶುರುವಾದರೆ 100, ಡಿಜಿಎಸ್ ಆದರೆ ಗಿಗಾಬಿಟ್. ನೋಡೋಕೆ ಎರಡೂ ಒಂದೇ ಥರ ಇರ್ತವೆ. ಕೇಳದೆ ಹೋದರೆ ಸುಮ್ನೆ ಅಗ್ಗದ್ದು ಕೈಗೆ ಬರುತ್ತೆ. ಈ ಕಾಲದಲ್ಲೂ 100ರ ಸ್ವಿಚ್ ಯಾಕೆ ಮಾರ್ತಾರೋ ಅಂತ ಬೈಕೊಳ್ಳಬೇಡಿ, ಸಿಸಿ ಕ್ಯಾಮೆರಾಗೆ ಅದು ಈಗಲೂ ಧಾರಾಳ ಸಾಕು.

8 ಪೋರ್ಟಿನದ್ದೇ ತಗೊಳ್ಳಿ. ಐದರಲ್ಲಿ ಒಂದು ರೂಟರಿಗೆ ಹೋಗುತ್ತೆ, ಒಂದು ನ್ಯಾಸ್‌ಗೆ, ಆಮೇಲೆ ಮೂರೇ ಉಳಿಯುತ್ತೆ. ಪೋರ್ಟ್ ಸಾಲದೆ ಸ್ವಿಚ್‌ಗೆ ಸ್ವಿಚ್ ಪೋಣಿಸಿದರೆ ನಡುವಿನ ಒಂದೇ ಕೇಬಲ್ಲಿನಲ್ಲಿ ಎಲ್ಲರೂ ಹೋಗಬೇಕು.

ತಂತಿಬೇಲಿ:
ಹುಬ್ಬಳ್ಳಿಯಲ್ಲಿ ಕೇಬಲ್ಲಿಂಗ್ ಕೆಲಸ ಮಾಡ್ತೀನಿ. ನೋಡ್ರಿ ಸರ, ಸ್ವಿಚ್ ಬದಲಿಸಿದ ಮೇಲೂ 100 ಅಂತಲೇ ತೋರಿಸಬಹುದು. ಆಗ ಸ್ವಿಚ್ ವಾಪಸ್ ಕೊಡೋಕೆ ಓಡಬೇಡಿ. ಕೇಬಲ್ಲಿನ ತುದಿ ನೋಡಿ.

100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, 1, 2, 3, 6ನೇ ಪಿನ್. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಸರಿಯಾಗಿ ಕಚ್ಚದಿದ್ದರೂ ಲಿಂಕ್ ಕೆಳಗಿಳಿದು 100ರಲ್ಲಿ ಕೂರಬಹುದು. ಎರರ್ ಏನೂ ಬರಲ್ಲ, ಇಂಟರ್ನೆಟ್ ಓಡ್ತಾ ಇರುತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಕ್ಯಾಮೆರಾ ಹಾಕುವವರು ಕೆಲವರು ನಾಲ್ಕು ತಂತಿ ಡೇಟಾಗೆ, ಉಳಿದ ನಾಲ್ಕು ಕ್ಯಾಮೆರಾ ಪವರಿಗೆ ಅಂತ ಒಂದೇ ಕೇಬಲ್ಲಿನಲ್ಲಿ ಎರಡು ಕೆಲಸ ಮುಗಿಸಿರ್ತಾರೆ. ನಿಮ್ಮ ಕೇಬಲ್ ಎಳೆದದ್ದು ಯಾರು?

ಇನ್ನೊಂದು ಕಿತಾಪತಿ ಇದೆ. ಕ್ರಿಂಪ್ ಮಾಡುವಾಗ, ಅಂದ್ರೆ ತುದಿಗೆ ಕನೆಕ್ಟರ್ ಒತ್ತುವಾಗ, ಬಣ್ಣದ ಜೋಡಿಯನ್ನು ಹಾಗೆಹಾಗೇ ಸಾಲಾಗಿ ಇಡ್ತಾರೆ. ಕೇಸರಿ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಎರಡೂ ತುದಿ ಒಂದೇ ಥರ ಇದ್ದರೆ ಲೈಟ್ ಬರುವ ಅಗ್ಗದ ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ಚೆನ್ನಾಗಿ ಮಿನುಗುತ್ತೆ. ಆದರೆ 3 ಮತ್ತು 6ನೇ ಪಿನ್ ಒಂದೇ ಹುರಿಯ ಜೋಡಿ ಆಗಿರಬೇಕು. ಈ ಕ್ರಮದಲ್ಲಿ ಆಗಲ್ಲ. ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತೆ. ಸರಿಯಾದ ಕ್ರಮ ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಆಚೆ ಈಚೆ ಬರಬೇಕು.

ಫ್ಲ್ಯಾಶ್‌ಲೈಟ್:
ಎಳೆದದ್ದು ಕ್ಯಾಮೆರಾ ಹಾಕಿದ ಹುಡುಗರೇ ಅಣ್ಣಾ. ಒಂದು ತುದಿ ನೋಡಿದೆ, ನೀವು ಹೇಳಿದ ತಪ್ಪು ಕ್ರಮವೇ ಇದೆ. ಹಸಿರು ಎರಡೂ ಅಕ್ಕಪಕ್ಕ. ಕೇಬಲ್ ಮೇಲೆ ಕ್ಯಾಟ್ 6 ಅಂತ ಪ್ರಿಂಟ್ ಇದೆ, ಕಂಪನಿ ಹೆಸರಿಲ್ಲ.

ತಂತಿಬೇಲಿ:
ಹೆಸರಿಲ್ಲ ಅಂದ್ರೆ ತಾಮ್ರ ಹೌದೋ ಅಲ್ಲವೋ ನೋಡಿಬಿಡಿ. ಒಂದು ತಂತಿಯ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ಮೆಲ್ಲಗೆ ಹೆರೆಯಿರಿ. ಒಳಗೂ ಕೆಂಪಗೇ ಇದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂಗೆ ತಾಮ್ರದ ಲೇಪ. ಅಂಗಡಿಯಲ್ಲಿ ಸಿಸಿಎ ಅಂತಾರೆ. ಹೊಸದು ಕೊಳ್ಳುವಾಗ 305 ಮೀಟರಿನ ಬಾಕ್ಸ್ ಎತ್ತಿದರೇ ಗೊತ್ತಾಗುತ್ತೆ, ಸಿಸಿಎ ಹಗುರ.

ಸಿಸಿಎ ರೆಸಿಸ್ಟೆನ್ಸ್ ತಾಮ್ರಕ್ಕಿಂತ ಒಂದೂವರೆ ಪಟ್ಟು ಇರುತ್ತೆ. ಹತ್ತು ಮೀಟರಿನಲ್ಲಿ ಓಡಬಹುದು, ಉದ್ದವಾದಂತೆ ಕೈಕೊಡುತ್ತೆ. ಎರಡು ಸಲ ಮಡಚಿದರೆ ಪಟ್ಟಂತ ಮುರಿಯುತ್ತೆ. ಕೇಬಲ್ಲಿನಲ್ಲೇ ಪವರ್ ಕಳಿಸುವ ಪಿಒಇ ಕ್ಯಾಮೆರಾಗಂತೂ ಹಾಕಲೇಬಾರದು, ಬಿಸಿಯಾಗುತ್ತೆ. ಕ್ಯಾಟ್ 5ಇ ಆಗಲಿ ಕ್ಯಾಟ್ 6 ಆಗಲಿ, ಸ್ಟ್ಯಾಂಡರ್ಡ್‌ನಲ್ಲಿ ಅಲ್ಯೂಮಿನಿಯಂಗೆ ಜಾಗವೇ ಇಲ್ಲ.

ಹತ್ತು ಜಿ:
ಎಲ್ಲರೂ ಗಿಗಾಬಿಟ್ ಗಿಗಾಬಿಟ್ ಅಂತಿದ್ದೀರಿ. ಗಿಗಾಬಿಟ್ ತಾಮ್ರದ ಸ್ಟ್ಯಾಂಡರ್ಡ್ ಬಂದದ್ದು 1999ರಲ್ಲಿ ಸ್ವಾಮಿ! ಇವರ ಕೆಲಸ ವಿಡಿಯೋ. ನಾಳೆ 8ಕೆ ಬರುತ್ತೆ, ಒಂದು ಮದುವೆ ಒಂದು ಟಿಬಿ ಆಗುತ್ತೆ. ಗೋಡೆ ಒಡೆಯೋದು ಒಂದೇ ಸಲ. ಈಗಲೇ 10ಜಿ ಮಾಡಿಸಿದರೆ ಹತ್ತು ವರ್ಷ ನೋಡೋ ಹಾಗಿಲ್ಲ.

ಬಯಲುಸೀಮೆ:
ಕೌಂಟರಿನಲ್ಲಿ ಬಿಲ್ ಹಾಕುವ ಕಂಪ್ಯೂಟರಿಗೂ 10ಜಿ ಕಾರ್ಡಾ? ಪಾಸ್‌ಪೋರ್ಟ್ ಸೈಜ್ ಫೋಟೋ ಅಷ್ಟು ಅರ್ಜೆಂಟಾ?

ಸರ್ವರ್ ರೂಮು:
'ಹತ್ತು ಜಿ' ಅವರ ಮಾತಿನಲ್ಲಿ ಗೋಡೆಯ ವಿಚಾರ ಸರಿ, ಡಬ್ಬಿಯ ವಿಚಾರ ಒಪ್ಪಲ್ಲ. ಗೋಡೆಯೊಳಗಿನ ಕೇಬಲ್ ಹದಿನೈದು ವರ್ಷ ಅಲ್ಲೇ ಇರುತ್ತೆ. ಸ್ವಿಚ್ಚು, ಕಾರ್ಡು ಯಾವಾಗ ಬೇಕಾದರೂ ಬದಲಿಸಬಹುದು, ವರ್ಷ ಕಳೆದಂತೆ ಅಗ್ಗವೂ ಆಗುತ್ತೆ. ಹಾಗಾಗಿ ಧಾರಾಳ ಮಾಡುವುದಿದ್ದರೆ ಕೇಬಲ್ಲಿಗೆ ಮಾಡಿ, ಸ್ವಿಚ್ ವಿಷಯದಲ್ಲಿ ಜಿಪುಣರಾಗಿ.

ಕೇಬಲ್ ಯಾವುದು ಅಂತ ಬಂದರೆ, ಕ್ಯಾಟ್ 5ಇಯಲ್ಲಿ 100 ಮೀಟರ್‌ವರೆಗೂ ಗಿಗಾಬಿಟ್ ಹೋಗುತ್ತೆ. 2016ರಲ್ಲಿ ಬಂದ ಸ್ಟ್ಯಾಂಡರ್ಡ್ ಪ್ರಕಾರ 2.5ಜಿ ಕೂಡ ಅಷ್ಟೇ ದೂರ ಹೋಗುತ್ತೆ. 10ಜಿ ಬೇಕಾದರೆ ಕ್ಯಾಟ್ 6ರಲ್ಲಿ ಹೆಚ್ಚೆಂದರೆ 55 ಮೀಟರ್, ಕ್ಯಾಟ್ 6ಎ ಆದರೆ 100. ನಿಮ್ಮ ಕಟ್ಟಡದೊಳಗೆ 55 ದಾಟುವ ಓಟವೇ ಇಲ್ಲ. ಒಳ್ಳೆ ತಾಮ್ರದ ಕ್ಯಾಟ್ 6 ಎಳೆಸಿದರೆ ಮುಂದೆ ಬೇಕಾದಾಗ 10ಜಿಯೂ ಓಡುತ್ತೆ. ಕ್ಯಾಟ್ 6ಎ ದಪ್ಪ, ಬಗ್ಗಲ್ಲ, ಪೈಪಿನಲ್ಲಿ ಎಳೆಯುವವನು ಶಾಪ ಹಾಕ್ತಾನೆ.

ಕ್ಯಾಟ್ 7 ಬಿಟ್ಟುಬಿಡಿ. ಸ್ಟ್ಯಾಂಡರ್ಡ್ ಮಾಡುವ ಅಮೆರಿಕದ ಸಂಸ್ಥೆ ಟಿಐಎ ಅದನ್ನು ಒಪ್ಪಿಕೊಂಡೇ ಇಲ್ಲ. ಕ್ಯಾಟ್ 7ಗೆ ಅಂತ ಬೇರೆ ಥರದ ಕನೆಕ್ಟರ್ ಇದೆ, ನಮ್ಮ ಆರ್‌ಜೆ45 ಹಾಕಿದ ಮೇಲೆ ಅದು ಹೆಸರಿಗಷ್ಟೇ ಕ್ಯಾಟ್ 7. ಆನ್‌ಲೈನ್‌ನಲ್ಲಿ ಚಪ್ಪಟೆ ರಿಬ್ಬನ್ನಿನ ಹಾಗೆ ಬರುವ "ಕ್ಯಾಟ್ 7", "ಕ್ಯಾಟ್ 8" ನೋಡಿ ಮರುಳಾಗಬೇಡಿ. ನಿಜವಾದ ಕ್ಯಾಟ್ 8 ಇರುವುದು ಡೇಟಾ ಸೆಂಟರಿನ 30 ಮೀಟರ್ ಓಟಕ್ಕೆ.

ಹತ್ತು ಜಿ:
ಸರಿ, ಕೌಂಟರ್ ಬಿಡಿ. ಎಡಿಟಿಂಗ್ ಕಂಪ್ಯೂಟರಿಗಾದರೂ 2.5ಜಿ ಬೇಡ್ವಾ? ಈಗಿನ ಮದರ್‌ಬೋರ್ಡುಗಳಲ್ಲಿ ಪೋರ್ಟ್ ಸುಮ್ನೆ ಬಂದಿರುತ್ತೆ.

ಸರ್ವರ್ ರೂಮು:
ಬೇಕಾಗಬಹುದು. ಆದರೆ ಆ ಕಡೆ ನ್ಯಾಸ್‌ನಲ್ಲಿ ಎಷ್ಟರ ಪೋರ್ಟ್ ಇದೆ? ಗಿಗಾಬಿಟ್ ಆಗಿದ್ದರೆ ಈ ಕಡೆ ಏನು ಹಾಕಿದರೂ ಉಪಯೋಗ ಇಲ್ಲ. ಆಮೇಲೆ ಡಿಸ್ಕ್. ಒಂದು ಹಾರ್ಡ್‌ಡಿಸ್ಕ್ ಒಳ್ಳೆಯದಾದರೆ ಸೆಕೆಂಡಿಗೆ 150ರಿಂದ 250 ಎಂಬಿ. ನಾಲ್ಕು ಸೇರಿ ದೊಡ್ಡ ಫೈಲ್ ಓದುವಾಗ 400 ದಾಟಬಹುದು. ಗಿಗಾಬಿಟ್ ಕೊಡುವುದು 112, 2.5ಜಿ ಕೊಡುವುದು 280ರ ಹತ್ತಿರ, 10ಜಿ ಒಂದು ಸಾವಿರದ ಮೇಲೆ. ಅಂದರೆ 10ಜಿಯನ್ನು ಪೂರ್ತಿ ತುಂಬಿಸುವಷ್ಟು ವೇಗ ಇವರ ಡಿಸ್ಕಿನಲ್ಲಿಲ್ಲ.

ಫ್ಲ್ಯಾಶ್‌ಲೈಟ್:
ನ್ಯಾಸ್‌ನಲ್ಲಿ ಎರಡು ಗಿಗಾಬಿಟ್ ಪೋರ್ಟ್ ಇವೆ. ಒಂದು ಖಾಲಿ ಕಾರ್ಡ್ ಸ್ಲಾಟ್ ಕೂಡ ಇದೆ. ಎರಡು ಪೋರ್ಟ್ ಸೇರಿಸಿದರೆ 2ಜಿ ಆಗುತ್ತೆ ಅಂತ ಅಂಗಡಿಯವರು ಹೇಳಿದ್ರು.

ಲೂಪ್‌ಬ್ಯಾಕ್:
ಆಗುತ್ತೆ, ಆದರೆ ನಿಮಗಲ್ಲ 🙂 ಲಿಂಕ್ ಅಗ್ರಿಗೇಷನ್ ಮಾಡಿದರೆ ಇಬ್ಬರು ಎಡಿಟರ್ ಒಟ್ಟಿಗೆ ಕಾಪಿ ಹಾಕಿದಾಗ ಇಬ್ಬರಿಗೂ ಒಂದೊಂದು ಗಿಗಾಬಿಟ್ ಸಿಗಬಹುದು. ಒಬ್ಬರೇ ಒಂದು ಕಾಪಿ ಹಾಕಿದರೆ ಅದು ಒಂದೇ ತಂತಿಯಲ್ಲಿ ಹೋಗುತ್ತೆ. ಅದೂ ಅಲ್ಲದೆ ಸ್ವಿಚ್ ಮ್ಯಾನೇಜ್ಡ್, ಅಂದ್ರೆ ಸೆಟ್ಟಿಂಗ್ ಬದಲಿಸುವಂಥದ್ದು, ಆಗಿರಬೇಕು. ಸಾಮಾನ್ಯ ಸ್ವಿಚ್‌ನಲ್ಲಿ ಸುಮ್ಮನೆ ಕೇಬಲ್ ಜಾಸ್ತಿ ಚುಚ್ಚಬೇಡಿ. ಎರಡು ಸ್ವಿಚ್ ನಡುವೆ ಎರಡು ಕೇಬಲ್ ಹಾಕಿದರೆ ಲೂಪ್ ಆಗಿ ಇಡೀ ನೆಟ್‌ವರ್ಕ್ ಸ್ತಬ್ಧ ಆಗುತ್ತೆ, ಎಲ್ಲ ಲೈಟೂ ಒಂದೇ ಸಮ ಮಿಟುಕ್ತಾ ಇರುತ್ತೆ. ಆಫೀಸುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಯಾರೋ ಪುಣ್ಯಾತ್ಮರು ಮಾಡೇ ಮಾಡ್ತಾರೆ.

ಅಡಿಕೆ ಚಪ್ಪರ:
ಎಲ್ಲರೂ ಎಡಿಟಿಂಗ್ ರೂಮಿನಲ್ಲೇ ಸುತ್ತುತ್ತಿದ್ದೀರಿ, ಹಿತ್ತಲಿನ ಶೆಡ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಏಪ್ರಿಲ್, ಮೇ ಗುಡುಗು ಶುರುವಾದರೆ ಮೊದಲು ಸಾಯುವುದು ಮನೆಯಿಂದ ಹೊರಗೆ ಹೋದ ನೆಟ್‌ವರ್ಕ್ ಕೇಬಲ್ಲಿನ ಎರಡೂ ತುದಿಯ ಪೋರ್ಟು. ಸಿಡಿಲು ನೇರ ಬಡಿಯಬೇಕಂತಿಲ್ಲ, ಹತ್ತಿರದಲ್ಲಿ ಬಿದ್ದರೂ ಸಾಕು.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆಯಬೇಡಿ. ಎರಡು ಕಡೆ ಅರ್ಥಿಂಗ್ ಬೇರೆ ಇದ್ದರೆ ಆ ವ್ಯತ್ಯಾಸವೂ ಕೇಬಲ್ಲಿನಲ್ಲೇ ಹರಿಯೋಕೆ ನೋಡುತ್ತೆ. ಈಥರ್ನೆಟ್ ಪೋರ್ಟಿನಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ ನಿಜ, ಆದರೆ ಅದು 1,500 ವೋಲ್ಟ್ ಲೆಕ್ಕಕ್ಕೆ ಮಾಡಿದ್ದು. ಸಿಡಿಲಿನ ಮುಂದೆ ಅದೇನೂ ಅಲ್ಲ.

ಫೈಬರ್ ಹಾಕಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಸೇರಿಸುವ ಡಬ್ಬಿ) ಇಟ್ಟರೆ ಆಯಿತು. ಇಂಟರ್ನೆಟ್ ಲೈನ್ ಎಳೆಯುವ ನಿಮ್ಮೂರಿನ ಹುಡುಗರೇ ಬಂದು ಜಾಯಿಂಟ್ ಮಾಡಿ ಕೊಡ್ತಾರೆ, ಮಷೀನ್ ಅವರ ಹತ್ತಿರ ಇರುತ್ತೆ.

ಫ್ಲ್ಯಾಶ್‌ಲೈಟ್:
ಫೈಬರ್ ಅಂದ್ರೆ ದುಬಾರಿ ಅಲ್ವಾ ಸರ್?

ಅಡಿಕೆ ಚಪ್ಪರ:
ಮನೆಮನೆಗೆ ಎಳೀತಿರೋ ಕಾಲ ಇದು. ಮೀಟರ್ ಲೆಕ್ಕದಲ್ಲಿ ಒಳ್ಳೆ ತಾಮ್ರದ ಕ್ಯಾಟ್ 6ಗಿಂತ ಡ್ರಾಪ್ ಫೈಬರೇ ಅಗ್ಗ. ಖರ್ಚು ಇರುವುದು ಕನ್ವರ್ಟರಿಗೆ. ಮೂರು ವಿಷಯ ಗಮನಿಸಿ. ಕನ್ವರ್ಟರ್ ಗಿಗಾಬಿಟ್‌ನದ್ದು ಆಗಿರಬೇಕು, 10/100ರದ್ದೂ ಮಾರ್ತಾರೆ. ಒಂದೇ ಎಳೆಯಲ್ಲಿ ಹೋಗಿಬರುವ ಥರದ್ದಾದರೆ ಎ ಮತ್ತು ಬಿ ಅಂತ ಜೋಡಿ ಬರುತ್ತೆ. ಒಂದು 1310 ನ್ಯಾನೋಮೀಟರ್ ಬೆಳಕು ಕಳಿಸಿದರೆ ಇನ್ನೊಂದು 1550 ಕಳಿಸುತ್ತೆ. ಎರಡು ಎ ತಂದರೆ ಕೆಲಸ ಮಾಡಲ್ಲ. ಮೂರನೆಯದು, ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಬಿಗಿತಕ್ಕೆ ಉಕ್ಕಿನ ತಂತಿ ಇರುತ್ತೆ. ಅದು ಎರಡು ಕಟ್ಟಡದ ಒಳಗೂ ಬಂದರೆ ಮತ್ತೆ ಲೋಹವೇ ಎಳೆದ ಹಾಗಾಯಿತು. ಅದನ್ನು ಗೋಡೆಯ ಹೊರಗೇ ಕತ್ತರಿಸಿ. ಇಲ್ಲವೇ ಉಕ್ಕಿನ ಬದಲು ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಕೇಳಿ.

ಕರೆಂಟ್ ಲೈನಿನಲ್ಲಿ ಬರುವ ಸಿಡಿಲಿಗೆ ಫೈಬರ್ ಏನೂ ಮಾಡಲ್ಲ, ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇರೆಯೇ ಬೇಕು.

ಬೆಳಗಿನ ಕಾಫಿ:
ನಡುವೆ ಬಾಯಿ ಹಾಕ್ತಿದ್ದೀನಿ. ಮನೆಯಲ್ಲಿ ನಾಲ್ಕು ಕ್ಯಾಮೆರಾ ಹಾಕಿಸ್ತಿದ್ದೇವೆ. ಪಿಒಇ ಸ್ವಿಚ್ ಗಿಗಾಬಿಟ್‌ನದ್ದೇ ಬೇಕಾ?

ತಂತಿಬೇಲಿ:
ಬೇಡ ಮೇಡಂ. ಒಂದು ಕ್ಯಾಮೆರಾ 10 ಎಂಬಿಪಿಎಸ್ ಮುಟ್ಟೋದೇ ಕಷ್ಟ. ಕ್ಯಾಮೆರಾ ಪೋರ್ಟ್ 100ರದ್ದಾಗಿ, ಉಳಿದ ನೆಟ್‌ವರ್ಕಿಗೆ ಸೇರುವ ಅಪ್‌ಲಿಂಕ್ ಪೋರ್ಟ್ ಗಿಗಾಬಿಟ್ ಇದ್ದರೆ ಸಾಕು. ವ್ಯಾಟ್ ನೋಡಿ ಕೊಳ್ಳಿ. ಪಿಒಇ ಸ್ಟ್ಯಾಂಡರ್ಡ್‌ನಲ್ಲಿ 802.3ಎಎಫ್ ಅಂದ್ರೆ ಪೋರ್ಟಿಗೆ 15.4 ವ್ಯಾಟ್, ಎಟಿ ಅಂದ್ರೆ 30. ಆದರೆ ಸ್ವಿಚ್‌ನ ಒಟ್ಟು ಬಜೆಟ್ ಅಂತ ಬೇರೆ ಬರೆದಿರುತ್ತೆ, ಎಲ್ಲ ಪೋರ್ಟಿಗೂ ಪೂರ್ತಿ ಸಿಗಲ್ಲ. ಸಾಮಾನ್ಯ ಕ್ಯಾಮೆರಾಗೆ 5ರಿಂದ 8 ವ್ಯಾಟ್ ಸಾಕು. ತಿರುಗುವ ಕ್ಯಾಮೆರಾ ಇದ್ದರೆ ಮಾತ್ರ ಎಟಿ ಕೇಳಿ.

ಫ್ಲ್ಯಾಶ್‌ಲೈಟ್:
ಆಷಾಢದ ಕೆಲಸ ಮುಗೀತು, ವರದಿ ಒಪ್ಪಿಸ್ತೀನಿ. ಹಳೇ ಕೇಬಲ್ ಹೆರೆದು ನೋಡಿದರೆ ಒಳಗೆ ಬೆಳ್ಳಗೆ. ಎಲ್ಲ ಕಿತ್ತು ತಾಮ್ರದ ಕ್ಯಾಟ್ 6 ಎಳೆಸಿದೆ. ಪ್ರತಿ ಟೇಬಲ್ಲಿಗೂ ಎರಡೆರಡು ಪಾಯಿಂಟ್. 25 ಎಂಎಂ ಪೈಪ್ ಹಾಕಿಸಿ ಒಳಗೊಂದು ಎಳೆದಾರ ಬಿಟ್ಟಿದ್ದೀನಿ. ಕರೆಂಟ್ ವೈರಿನ ಪೈಪಿನಲ್ಲೇ ತೂರಿಸೋಕೆ ಎಲೆಕ್ಟ್ರಿಷಿಯನ್ ನೋಡಿದ, ಬಿಡಲಿಲ್ಲ. ಶೆಡ್ಡಿಗೆ ಫೈಬರ್. 8 ಪೋರ್ಟಿನ ಗಿಗಾಬಿಟ್ ಸ್ವಿಚ್ ಬಂತು. ಒಟ್ಟು ಖರ್ಚು ಕೊಟೇಶನ್ನಿನ ಕಾಲು ಭಾಗಕ್ಕಿಂತ ಕಮ್ಮಿ.

ದೊಡ್ಡ ವಿಡಿಯೋ ಫೈಲು 110ರಿಂದ 112ರಲ್ಲಿ ಓಡ್ತಿದೆ. 400 ಜಿಬಿ ಒಂದು ಗಂಟೆಗೆ ಮುಗೀತು! ಸಾವಿರಾರು ಫೋಟೋ ಇರುವ ಫೋಲ್ಡರ್ ಮಾತ್ರ ಅದಕ್ಕಿಂತ ನಿಧಾನ. ಶೆಡ್ಡಿನ ಕಂಪ್ಯೂಟರ್ ಹಳೆಯದು, ಅದರ ಪೋರ್ಟೇ 100ರದ್ದು. ಅದಕ್ಕೆ ಕಾರ್ಡ್ ಹಾಕಲಾ? ಇನ್ನೊಂದು, ಮೆಮೊರಿ ಕಾರ್ಡಿನಿಂದ ಕಂಪ್ಯೂಟರಿಗೆ ಕಾಪಿ 35ರ ಮೇಲೆ ಏರ್ತಾನೇ ಇಲ್ಲ.

ಸರ್ವರ್ ರೂಮು:
ಸಣ್ಣ ಫೈಲು ನಿಧಾನ ಆಗೋದು ಸಹಜ. ಒಂದೊಂದು ಫೈಲಿಗೂ ತೆರೆದು ಮುಚ್ಚುವ ಕೆಲಸ ಇರುತ್ತೆ. ಕೇಬಲ್ ಬದಲಿಸಿ ಅದು ಸರಿ ಹೋಗಲ್ಲ. ಶೆಡ್ಡಿನದ್ದು ಹಾಗೇ ಬಿಡಿ. ಆಲ್ಬಮ್ ಹಾಳೆಗಳನ್ನು ಪ್ರಿಂಟರ್ ತಿನ್ನೋದೇ ನಿಧಾನ.

35 ಅಂದ್ರೆ ಕಾರ್ಡ್ ರೀಡರ್ ಯುಎಸ್‌ಬಿ 2ರದ್ದು, ಅಥವಾ ಹಳೇ ಪೋರ್ಟಿಗೆ ಚುಚ್ಚಿದ್ದೀರಿ. ಯುಎಸ್‌ಬಿ 3 ರೀಡರ್ ತನ್ನಿ. ಯುಎಚ್‌ಎಸ್-1 ದರ್ಜೆಯ ಮೆಮೊರಿ ಕಾರ್ಡ್ ಆದರೆ ಅದರ ಮಿತಿಯೇ ಸೆಕೆಂಡಿಗೆ 104 ಎಂಬಿ, ನಿಜಕ್ಕೆ 90ರ ಹತ್ತಿರ ಸಿಗುತ್ತೆ. ಅಂದರೆ 10ಜಿ ಹಾಕಿಸಿದ್ದರೂ ಕಾರ್ಡಿನ ಮುಂದೆ ಕಾಯ್ತಾ ಕೂರಬೇಕಿತ್ತು.

ಹತ್ತು ಜಿ:
ಸರಿ ಸರಿ, ಒಪ್ಪಿದೆ. ಆದರೆ ನ್ಯಾಸ್‌ನ ಖಾಲಿ ಸ್ಲಾಟ್ ನನ್ನನ್ನು ಕರೀತಾ ಇದೆ. ನಿಮ್ಮ ಮುಖ್ಯ ಎಡಿಟರ್ ಫೈಲನ್ನು ನ್ಯಾಸ್‌ನಲ್ಲೇ ಇಟ್ಟು ಎಡಿಟ್ ಮಾಡ್ತಾರಾ? ಹಾಗಾದರೆ ಸ್ವಿಚ್ ಇಲ್ಲದೆ 10ಜಿ ಮಾಡಬಹುದು. ನ್ಯಾಸ್‌ಗೊಂದು ಎಸ್‌ಎಫ್‌ಪಿ ಪ್ಲಸ್ (ಆರ್‌ಜೆ45 ಅಲ್ಲದ ಬೇರೆ ಥರದ 10ಜಿ ಪೋರ್ಟ್) ಕಾರ್ಡು, ಆ ಕಂಪ್ಯೂಟರಿಗೊಂದು, ನಡುವೆ ಒಂದು ಡ್ಯಾಕ್ ಕೇಬಲ್, ಅಂದ್ರೆ ಎರಡು ತುದಿಗೂ ಪ್ಲಗ್ ಸೇರಿಯೇ ಬರುವ ಗಿಡ್ಡ ತಾಮ್ರದ ಕೇಬಲ್. ಸರ್ವರಿನಿಂದ ಕಳಚಿದ ಮೆಲ್ಲನಾಕ್ಸ್ ಕನೆಕ್ಟ್‌ಎಕ್ಸ್-3 ಕಾರ್ಡುಗಳು ಬೆಂಗಳೂರಿನ ಎಸ್‌.ಪಿ. ರಸ್ತೆ ಸುತ್ತಿದರೆ ಸಿಗಬಹುದು. ಆರ್‌ಜೆ45ರ 10ಜಿ ಹಾಗೆ ಬಿಸಿಯಾಗಲ್ಲ.

ಸರ್ವರ್ ರೂಮು:
ಇದಕ್ಕೆ ನನ್ನ ತಕರಾರಿಲ್ಲ. ನ್ಯಾಸ್ ಕಂಪನಿಯ ಪಟ್ಟಿಯಲ್ಲಿ ಆ ಕಾರ್ಡ್ ಇದೆಯಾ ನೋಡಿಯೇ ಕೊಳ್ಳಿ. ಕಂಪ್ಯೂಟರಿನಲ್ಲಿ ಪುಟ್ಟ ಎಕ್ಸ್1 ಸ್ಲಾಟಿಗೆ ಅದು ಕೂರಲ್ಲ, ಎಕ್ಸ್4 ಆದರೂ ಬೇಕು. ಎರಡು ತುದಿಗೂ ಕೈಯಾರೆ ಐಪಿ (ನೆಟ್‌ವರ್ಕ್ ವಿಳಾಸ) ಕೊಡಿ, 10.10.10.1 ಮತ್ತು 10.10.10.2 ಥರ. ನಿಮ್ಮ ಮಾಮೂಲಿ ನೆಟ್‌ವರ್ಕಿನ ಸಾಲಿನದ್ದು ಬೇಡ, ಗೇಟ್‌ವೇ ಖಾಲಿ ಬಿಡಿ. ಆ ಕಂಪ್ಯೂಟರಿನಿಂದ ನ್ಯಾಸ್ ತೆರೆಯುವಾಗ ಹೊಸ ಐಪಿಯಿಂದಲೇ ತೆರೆಯಬೇಕು. ಇಲ್ಲದಿದ್ದರೆ ಫೈಲು ಹಳೇ ಗಿಗಾಬಿಟ್ ದಾರಿಯಲ್ಲೇ ಹೋಗ್ತಾ ಇರುತ್ತೆ.

ಫ್ಲ್ಯಾಶ್‌ಲೈಟ್:
ಹೌದು, ಮುಖ್ಯ ಎಡಿಟರ್ ನ್ಯಾಸ್‌ನಲ್ಲೇ ಇಟ್ಟು ಮಾಡ್ತಾನೆ. ನ್ಯಾಸ್ ಅವನ ಟೇಬಲ್ ಪಕ್ಕದ ರ‍್ಯಾಕಿನಲ್ಲಿದೆ. ಡ್ಯಾಕ್ ಎಷ್ಟು ಉದ್ದದ್ದು ತರಿಸಲಿ?

ಹತ್ತು ಜಿ:
ಎರಡು ಮೀಟರ್. ಒಂದು ಮೀಟರಿನದ್ದು ಕಂಪ್ಯೂಟರ್ ಹಿಂದಿನಿಂದ ರ‍್ಯಾಕಿನವರೆಗೆ ಬಂದು ಬಿಗಿಯಾಗಿ ನಿಲ್ಲುತ್ತೆ. ಇದನ್ನು ಚೂಪಾಗಿ ಮಡಚೋಕೆ ಹೋಗಬೇಡಿ.